ಕಂಠ ಮೌನವಾದಾಗ ಕಿವಿ ತೆರೆದವರು



ಕೆಲವು ತಿಂಗಳುಗಳ ಹಿಂದೆ ಟಿಳಕವಾಡಿಯ ಒಂದು ಮಂಗಲ ಕಾರ್ಯಾಲಯದಲ್ಲಿ ನಡೆದ ಮದುವೆಗೆ ನಾವು ಹೋಗಬೇಕಾಯಿತು. ಹುಡುಗಿಗೆ ಅರಿಷಿಣ ಹಚ್ಚುವ ಹೊತ್ತು. ಧ್ವನಿವರ್ಧಕದಲ್ಲಿ ಯಾವುದೋ ಚಲನಚಿತ್ರದ ಹಾಡು ಮೊಳಗುತ್ತಿತ್ತು. ಬೈಲಹೊಂಗಲದ ಕಡೆಯಿಂದ ಬಂದಿದ್ದ, ಎಂಬತ್ತು ದಾಟಿದ ಮುತ್ತೈದೆ ಅಜ್ಜಿಯೊಬ್ಬರು ಅರಿಷಿಣದ ಬಟ್ಟಲನ್ನು ಕೈಗೆ ತೆಗೆದುಕೊಂಡವರೇ, ಆ ಗದ್ದಲವನ್ನು ಲೆಕ್ಕಿಸದೆ, ಮೆಲ್ಲನೆ ಒಂದು ಸೋಬಾನೆಯನ್ನು ಎತ್ತಿಕೊಂಡರು. ಪುಣ್ಯಕ್ಕೆ ಮನೆಯ ಹಿರಿಯರೊಬ್ಬರು ಎದ್ದು ಹೋಗಿ ಯಂತ್ರವನ್ನು ನಿಲ್ಲಿಸಿದರು. ಸಭೆಯೆಲ್ಲ ಕಿವಿಗೊಟ್ಟಿತು. ಮೂರು ನುಡಿಗಳಾದ ಮೇಲೆ ಅಜ್ಜಿ ತಡವರಿಸಿದರು; ಸುತ್ತ ನಿಂತ ಹೆಣ್ಣುಮಕ್ಕಳ ಮುಖ ನೋಡಿದರು, ಯಾರಾದರೂ ಮುಂದಿನದನ್ನು ಎತ್ತಿಯಾರೆಂದು. ಯಾರೂ ಎತ್ತಲಿಲ್ಲ. "ಉಳದದ್ದು ನಮ್ಮ ಅವ್ವಗ ಬರತಿತ್ರೀ, ನನಗ ಇಷ್ಟ" ಎಂದು ನಾಚಿ ನಕ್ಕು ಬಟ್ಟಲನ್ನು ಮುಂದಿನವರಿಗೆ ದಾಟಿಸಿದರು. ಧ್ವನಿವರ್ಧಕ ಮತ್ತೆ ಮೊಳಗಿತು.

ಮದುವೆ ಸಾಂಗವಾಗಿ ನೆರವೇರಿತು, ಪ್ರಸಾದವೂ ಆಯಿತು. ಆದರೆ ಆ ನಾಲ್ಕನೆಯ ನುಡಿಯ ಚಿಂತೆ ನಮ್ಮನ್ನು ಬಿಡಲಿಲ್ಲ. ಬೆಳಗಾವಿಯ ಕೋಟೆಯೊಳಗೆ 1204ರಲ್ಲಿ ಕಟ್ಟಿದ ಕಮಲ ಬಸದಿ ಇದೆ. ಖಾನಾಪುರ ತಾಲೂಕಿನ ಹಲಸಿಯಲ್ಲಿ ಗೋವೆಯ ಕದಂಬರ ಕಾಲದ ಭೂವರಾಹ ನರಸಿಂಹ ದೇವಾಲಯವಿದೆ. ಅವುಗಳ ಒಂದು ಕಲ್ಲು ಜಾರಿದರೆ ಕೇಳುವವರುಂಟು, ಎತ್ತಿ ನಿಲ್ಲಿಸುವವರುಂಟು. ಹಾಡಿನ ಒಂದು ನುಡಿ ಜಾರಿದರೆ ಯಾರನ್ನು ಕೇಳೋಣ? ಅದು ಬಿದ್ದ ಸದ್ದೂ ಆಗುವುದಿಲ್ಲ. ಈ ಚಿಂತೆಯಲ್ಲಿದ್ದಾಗ ನಮ್ಮದೇ ನೆಲದಲ್ಲಿ ಹುಟ್ಟಿ, ಹಾಡುಗಾರರಾಗಿ ಬೆಳೆದು, ಹಾಡಲಾಗದ ಕಾಲದಲ್ಲಿ ಪರಸೀಮೆಯ ಜನಪದದ ಹಾಡುಗಳನ್ನು ಕಾಪಾಡಿಕೊಟ್ಟ ಒಬ್ಬ ಮಹನೀಯರ ಬದುಕು ನೆನಪಿಗೆ ಬಂತು. ಈ ತಿಂಗಳು ಅದನ್ನೇ ವಾಚಕರ ಮುಂದೆ ಇಡುತ್ತೇವೆ.

ಬೆಳಗಾವಿಗೆ ಹತ್ತಿರದ ಸುಳೇಭಾವಿಯನ್ನು ನಮ್ಮ ಓದುಗರಲ್ಲಿ ಅನೇಕರು ಬಲ್ಲರು. ಅಲ್ಲಿಯ ಲಿಂಗಾಯತ ಮನೆತನವೊಂದರಲ್ಲಿ, ಸಂಗೀತಪ್ರಿಯರಾದ ಸಿದ್ಧರಾಮಯ್ಯ ಕೊಂಕಾಳಿಮಠರ ಮಗನಾಗಿ, 1924ರ ಎಪ್ರಿಲ್ 8ರಂದು ಒಂದು ಕೂಸು ಹುಟ್ಟಿತು. ಶಿವಪುತ್ರ ಎಂದು ಹೆಸರಿಟ್ಟರು. ಅದೇ ವರುಷದ ಡಿಸೆಂಬರಿನಲ್ಲಿ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದದ್ದು ನಮ್ಮ ಟಿಳಕವಾಡಿಯ ಬಯಲಿನಲ್ಲಿ. ಅಲ್ಲಿ ಸ್ವಾಗತಗೀತೆ ಹಾಡಿದ ಬಾಲಕಿಯರಲ್ಲಿ ಹನ್ನೊಂದು ವರುಷದ ಗಂಗೂಬಾಯಿ ಹಾನಗಲ್ಲರೂ ಒಬ್ಬರು. ತೊಟ್ಟಿಲಲ್ಲಿದ್ದ ಈ ಶಿವಪುತ್ರನಿಗೆ ಅದರ ಅರಿವೆಲ್ಲಿ! ಆದರೆ ಈ ಸೀಮೆಯ ಗಾಳಿಯಲ್ಲಿ ಅಂದು ಸಂಗೀತ ಹೇಗೆ ತುಂಬಿತ್ತೆಂಬುದನ್ನು ತಿಳಿಯಲು ಇಷ್ಟು ಸಾಕು.

ಮಗುವಿಗೆ ಆರೇಳು ವರುಷವಾಗುವವರೆಗೆ ಹಾಡುವ ಲಕ್ಷಣವೇನೂ ಕಾಣಲಿಲ್ಲವಂತೆ. ಆಮೇಲೆ ಒಮ್ಮಿಂದೊಮ್ಮೆ ಬಾಯಿ ತೆರೆದಾಗ, ಗ್ರಾಮಫೋನಿನ ತಟ್ಟೆಯಲ್ಲಿ ಕೇಳಿದ್ದನ್ನೆಲ್ಲ ಹಾಗೆಯೇ ಒಪ್ಪಿಸತೊಡಗಿತು. ಅಬ್ದುಲ್ ಕರೀಮ್ ಖಾನರ ತಟ್ಟೆ ಕೇಳಿದರೆ ಅವರಂತೆಯೇ. ಸವಾಯಿ ಗಂಧರ್ವರ ತಟ್ಟೆ ಕೇಳಿದರೆ ಅವರಂತೆಯೇ. ಆಲಾಪ, ತಾನು, ಸಮಕ್ಕೆ ಬಂದು ಸೇರುವ ಬಗೆ, ಒಂದೂ ತಪ್ಪಲಿಲ್ಲ. ಇದನ್ನು ಕೇಳಿದ ಮಠದ ಪೂಜ್ಯರೊಬ್ಬರು 'ಕುಮಾರ ಗಂಧರ್ವ' ಎಂದು ಕರೆದು ಹರಸಿದರು. ಮನೆಯಲ್ಲಿಟ್ಟ ಹೆಸರು ಹಿಂದಾಯಿತು, ಮಠದಲ್ಲಿ ಕೊಟ್ಟ ಹೆಸರು ನಾಡಿಗೆಲ್ಲ ಹರಡಿತು. ತಂದೆಯೊಡನೆ ಊರೂರು ಸುತ್ತಿ ಬಾಲಕ ಹಾಡಿದ; ಜನ ಬೆರಗಾಗಿ ಪದಕ ತೊಡಿಸಿದರು.

ಇಲ್ಲಿ ಒಂದು ಮಾತನ್ನು ವಾಚಕರು ಗಮನಿಸಬೇಕು. ಕೇಳಿದ್ದನ್ನು ಕೇಳಿದಂತೆ ಒಪ್ಪಿಸುವುದು ದೊಡ್ಡ ವರವೇ ಸರಿ; ಆದರೆ ಅದು ಇನ್ನೂ ಸ್ವಂತ ಸಂಪತ್ತಲ್ಲ. ನಾವು ಮಠದಲ್ಲಿ ಅಮರಕೋಶವನ್ನೂ ಶಬ್ದರೂಪಗಳನ್ನೂ ಹೀಗೆಯೇ ಒಪ್ಪಿಸುತ್ತಿದ್ದೆವು. ಅರ್ಥ ಕೇಳಿದರೆ ತಲೆ ತಗ್ಗಿಸುತ್ತಿದ್ದೆವು. ಬಾಲಕನ ತಂದೆ ಈ ಭೇದವನ್ನು ಅರಿತಿದ್ದರೆಂದು ತೋರುತ್ತದೆ. ಮಗನಿಗೆ ಹನ್ನೊಂದರ ವಯಸ್ಸು ಆದಾಗ ಅವನನ್ನು ಮುಂಬಯಿಯಲ್ಲಿ ಪ್ರೊ. ಬಿ. ಆರ್. ದೇವಧರರ ಕೈಗೆ ಒಪ್ಪಿಸಿದರು. ದೇವಧರರು ವಿಷ್ಣು ದಿಗಂಬರ ಪಲುಸ್ಕರರ ಶಿಷ್ಯರು. ಯಾವ ಘರಾಣೆಯಲ್ಲಿ ಒಳ್ಳೆಯದಿದ್ದರೂ ಅದನ್ನು ಆದರದಿಂದ ಕೇಳುವ ವಿಶಾಲ ಮನಸ್ಸಿನವರು. ಅವರ ಶಾಲೆಗೆ ಬಂದು ಹೋಗದ ಗವಾಯಿಗಳೇ ಇರಲಿಲ್ಲವೆನ್ನಬೇಕು. ಅಲ್ಲಿ ಕುಮಾರರು ಅನುಕರಣೆಯನ್ನು ಬಿಡುವುದನ್ನು ಕಲಿತರು. ಮುಂದೆ ಅಂಜನೀಬಾಯಿ ಮಾಲ್ಪೇಕರರಲ್ಲಿಯೂ ಪಾಠವಾಯಿತು. ಇಪ್ಪತ್ತು ದಾಟುವಷ್ಟರಲ್ಲಿ ಅವರೇ ಆ ಶಾಲೆಯಲ್ಲಿ ಕಲಿಸುವವರಾದರು. ಅವರ ಹೆಸರು ಭಾರತದ ದೊಡ್ಡ ಸಂಗೀತ ಸಭೆಗಳಲ್ಲಿ ಕೇಳಿಬರತೊಡಗಿತು. 1947ರಲ್ಲಿ, ಅದೇ ಶಾಲೆಯಲ್ಲಿ ಸಂಗೀತ ಕಲಿತ ಭಾನುಮತಿಯವರೊಡನೆ ವಿವಾಹವಾಯಿತು.

ಆ ಸಡಗರ ಹೆಚ್ಚು ಕಾಲ ಉಳಿಯಲಿಲ್ಲ. ಕ್ಷಯರೋಗ ಅವರ ಶ್ವಾಸಕೋಶವನ್ನು ಹಿಡಿಯಿತು. ಅಂದು ಕ್ಷಯವೆಂದರೆ ಮರಣಶಾಸನವೆಂದೇ ಜನ ತಿಳಿಯುತ್ತಿದ್ದ ಕಾಲ. ಒಣಹವೆ ಹಿತವೆಂಬ ವೈದ್ಯರ ಸಲಹೆಯಂತೆ 1948ರ ಆರಂಭದಲ್ಲಿ ದಂಪತಿಗಳು ಮಾಳವ ಸೀಮೆಯ ದೇವಾಸವೆಂಬ ಪುಟ್ಟ ಊರನ್ನು ಸೇರಿದರು. ಹಾಡಿದರೆ ಪ್ರಾಣಕ್ಕೆ ಅಪಾಯವೆಂದು ವೈದ್ಯರು ಕಟ್ಟಪ್ಪಣೆ ಮಾಡಿದರು. ಏಳರ ಹರೆಯದಿಂದ ಹಾಡನ್ನಲ್ಲದೆ ಬೇರೇನನ್ನೂ ಅರಿಯದ ಇಪ್ಪತ್ತಮೂರು, ಇಪ್ಪತ್ತನಾಲ್ಕರ ತರುಣನಿಗೆ ಹಾಡಬೇಡವೆಂದರೆ ಏನು ಉಳಿಯಿತು? ಗುರುಬಂಧುಗಳು ಮುಂಬಯಿಯಲ್ಲಿ, ಹುಟ್ಟಿದ ಊರು ನೂರಾರು ಮೈಲಿ ದೂರದಲ್ಲಿ, ಸುತ್ತಲಿನ ಜನರ ಭಾಷೆ ಬೇರೆ. ಹಾಸಿಗೆ, ಕಿಟಕಿ, ಔಷಧ, ಪತ್ನಿಯ ಶುಶ್ರೂಷೆ: ಇಷ್ಟೇ ಪ್ರಪಂಚ. ತಮ್ಮ ಸಂಗೀತದ ಆಸೆಯನ್ನು ಬದಿಗಿಟ್ಟು, ಮನೆಯ ಭಾರವನ್ನು ಹೊತ್ತು, ರೋಗಿಯನ್ನು ಮಗುವಿನಂತೆ ನೋಡಿಕೊಂಡ ಭಾನುಮತಿಯವರನ್ನು ನೆನೆಯದೆ ಈ ಕಥೆಯನ್ನು ಹೇಳುವುದು ಅಪಚಾರವಾದೀತು. ಸತಿಪತಿಗಳ ಕೂಡುದಾಸೋಹವೆಂದರೆ ಇದೇ ಎಂದು ನಾವು ಬಗೆಯುತ್ತೇವೆ.

ಈ ಮೌನದಲ್ಲಿ ಅವರಿಗೊಂದು ಹೊಸ ವಿದ್ಯೆ ಒಲಿಯಿತು. ಅದು ಕೇಳುವ ವಿದ್ಯೆ. ಅಲ್ಲಿಯವರೆಗೆ ಅವರು ಕೇಳಿದ್ದೆಲ್ಲ ಗವಾಯಿಗಳನ್ನು. ಈಗ ಕಿಟಕಿಯಾಚೆ ಹಾದುಹೋಗುತ್ತಿದ್ದವರು ಬೇರೆ ಜನ: ಸಂತೆಗೆ ಹೋಗುವ ಹಳ್ಳಿಯ ಹೆಂಗಸರು, ಹೊಲದಿಂದ ಮರಳುವ ಕೂಲಿಗಳು, ಏಕತಾರಿ ಮೀಟುತ್ತ ಭಿಕ್ಷೆಗೆ ಬರುವ ನಾಥಪಂಥದ ಜೋಗಿಗಳು. ಅವರ ಬಾಯಲ್ಲಿದ್ದ ಹಾಡಿಗೆ ಗುರುವಿಲ್ಲ, ಗ್ರಂಥವಿಲ್ಲ, ಸಭೆಯಿಲ್ಲ. ಕೂಸು ಹುಟ್ಟಿದರೆ ಒಂದು ಹಾಡು, ಮದುವೆಗೆ ಒಂದು, ಮಳೆ ಬಂದರೆ ಒಂದು, ಬಿತ್ತನೆಗೆ ಒಂದು, ಬೀಳ್ಕೊಡುವಾಗ ಒಂದು. ಮಲಗಿದ ರೋಗಿ ಅವನ್ನು ಕೇಳಿದರು. ಮತ್ತೆ ಮತ್ತೆ ಕೇಳಿದರು. ನಾಲ್ಕೋ ಐದೋ ಸ್ವರಗಳಲ್ಲಿ ಮುಗಿಯುವ ಆ ಧಾಟಿಗಳಲ್ಲಿ, ತಾವು ಹದಿನೈದು ವರುಷ ಕಲಿತ ರಾಗಗಳ ಬೇರು ಕಾಣಿಸತೊಡಗಿತು. ರಾಗವು ಶಾಸ್ತ್ರಕಾರರ ತಲೆಯಿಂದ ಉದುರಿದ್ದಲ್ಲ, ಜನಪದದ ಧಾಟಿಯೇ ಮಾಗಿ ರಾಗವಾದದ್ದು ಎಂಬ ಅರಿವು ಅವರಲ್ಲಿ ದೃಢವಾಯಿತು.

ಅರಿವು ಬಂದ ಮೇಲೆ ಕಾಯಕ ತೊಡಗಬೇಕಲ್ಲ! ದೇಹದಲ್ಲಿ ಸ್ವಲ್ಪ ಚೇತರಿಕೆ ಬರುತ್ತಿದ್ದಂತೆ, ದೇವಾಸದ ಸುತ್ತಣ ಹೆಂಗಸರ ಬಾಯಿಂದ ಹಾಡುಗಳನ್ನು ಹಾಡಿಸಿ ಕೇಳಿ, ಮಾಳವಿ ನುಡಿಯ ಸಾಹಿತ್ಯವನ್ನು ಬರೆದುಕೊಂಡು, ಅದರ ಧಾಟಿಗೆ ಸ್ವರಲಿಪಿ ಹಾಕತೊಡಗಿದರು. ಈ ಕೆಲಸದ ಕಷ್ಟವನ್ನು ಮಾಡಿದವರೇ ಬಲ್ಲರು. ಶಾಸ್ತ್ರೀಯ ಸಂಗೀತಕ್ಕೆ ತಾಳದ ಲೆಕ್ಕವಿದೆ, ಸ್ವರದ ಸ್ಥಾನವಿದೆ. ಜನಪದ ಗಾಯಕಿ ಲೆಕ್ಕ ಹಾಕಿ ಹಾಡುವವಳಲ್ಲ. ಅವಳ ಲಯವಿರುವುದು ಕೈಕೆಲಸದಲ್ಲಿ, ಉಸಿರಿನಲ್ಲಿ, ಹೆಜ್ಜೆಯಲ್ಲಿ. ಕಲಿತ ಕಿವಿಗೆ ಅದು ತಪ್ಪೆಂದು ಕೇಳಿಸುತ್ತದೆ. ತಿದ್ದಬೇಕೆಂದು ಕೈ ತುರಿಸುತ್ತದೆ. ಕುಮಾರರು ತಿದ್ದಲಿಲ್ಲ. ಅವಳು ಸ್ವರವನ್ನು ಎಲ್ಲಿ ಇಟ್ಟಳೋ ಅಲ್ಲಿಯೇ ಬರೆದರು. ಹೀಗೆ ನೂರಾರು ಹಾಡುಗಳು ಕಾಗದದ ಮೇಲೆ ನೆಲೆಗೊಂಡವು.

ಅಷ್ಟರಲ್ಲಿ ಸ್ಟ್ರೆಪ್ಟೊಮೈಸಿನ್ ಎಂಬ ಔಷಧ ನಮ್ಮ ದೇಶಕ್ಕೂ ಬಂತು. 1943ರಲ್ಲಿ ಅಮೇರಿಕೆಯಲ್ಲಿ ಕಂಡುಹಿಡಿದ ಈ ಔಷಧವೇ ಕ್ಷಯರೋಗದ ಮೇಲೆ ನಿಜವಾಗಿ ಕೆಲಸ ಮಾಡಿದ ಮೊದಲ ಮದ್ದು. ಅದರ ಚಿಕಿತ್ಸೆಯಿಂದ ಕುಮಾರರು ಉಳಿದರು. ಆದರೆ ಒಂದು ಶ್ವಾಸಕೋಶ ಬಹುಮಟ್ಟಿಗೆ ನಿರುಪಯೋಗಿಯಾಗಿತ್ತು. 1953ರಲ್ಲಿ ಅವರು ಮತ್ತೆ ಸಭೆಯೆದುರು ಕುಳಿತಾಗ ಹಿಂದಿನ ದೀರ್ಘ ತಾನುಗಳು ಇರಲಿಲ್ಲ. ಚಿಕ್ಕ ಚಿಕ್ಕ ಸ್ವರಗುಚ್ಛಗಳು, ನಡುನಡುವೆ ಮೌನ. ಉಸಿರಿನ ಕೊರತೆಯನ್ನೇ ಅವರು ಗಾಯನದ ಗುಣವನ್ನಾಗಿ ಮಾಡಿಕೊಂಡರು. ಬಾಯಿಪಾಠ ಒಪ್ಪಿಸುತ್ತಿದ್ದ ಬಾಲಕ ಹೋಗಿ, ತನ್ನದೇ ದನಿಯ ಗಾಯಕ ಬಂದಿದ್ದರು.

ಮುಂದೆ ಅವರು ಮಾಡಿದ ಕೆಲಸದಲ್ಲಿ ನಾವು ಎರಡು ಬಗೆಗಳನ್ನು ಬೇರೆಬೇರೆಯಾಗಿ ಕಾಣಬೇಕು. ಮಾಳವದ ಲೋಕಗೀತಗಳನ್ನು ಲೋಕಗೀತಗಳಾಗಿಯೇ, ಅವುಗಳ ನುಡಿಯಲ್ಲಿ, ಅವುಗಳ ಧಾಟಿಯಲ್ಲಿ, ದೊಡ್ಡ ಸಭೆಗಳ ಮುಂದೆ ಹಾಡಿದ್ದು ಒಂದು. ಮಳೆಗಾಲದ ಹಾಡುಗಳನ್ನು ಕೂಡಿಸಿ 'ಗೀತ ವರ್ಷಾ', ಹೇಮಂತಕ್ಕೆ 'ಗೀತ ಹೇಮಂತ', ವಸಂತಕ್ಕೆ 'ಗೀತ ವಸಂತ' ಎಂದು ಋತುವಿಗೊಂದು ಕಾರ್ಯಕ್ರಮವನ್ನೇ ಅವರು ಕಟ್ಟಿದರು. ನಗರದ ಪಂಡಿತರು ತಲೆದೂಗುತ್ತಿದ್ದ ಅದೇ ವೇದಿಕೆಯ ಮೇಲೆ ಹಳ್ಳಿಯ ಹೆಂಗಸಿನ ಹಾಡಿಗೆ ಸಮಾನ ಆಸನ ದೊರೆಯಿತು. ಆ ಧಾಟಿಗಳಿಂದ ಹುಟ್ಟಿದ ಹೊಸ ರಾಗಗಳು ಇನ್ನೊಂದು ಬಗೆ. ಸಂಜಾರಿ, ಮಾಲವತಿ, ಅಹಿಮೋಹಿನಿ, ಸಹೇಲಿ ತೋಡಿ, ಲಗನಗಂಧಾರ ಮೊದಲಾದ ಇವನ್ನು 'ಧುನ್ ಉಗಮ' ರಾಗಗಳೆಂದು ಕರೆದರು. ಅಂದರೆ ಜನಪದ ಧಾಟಿಯಿಂದ ಉಗಮವಾದವು ಎಂದರ್ಥ. ತಮ್ಮ ರಚನೆಗಳನ್ನು 1965ರಲ್ಲಿ ಪ್ರಕಟವಾದ 'ಅನೂಪ ರಾಗ ವಿಲಾಸ' ಗ್ರಂಥದಲ್ಲಿ ಸ್ವರಲಿಪಿಸಹಿತ ಕೊಟ್ಟರು.

ಈ ಎರಡನ್ನೂ ಅವರು ಬೆರೆಸಲಿಲ್ಲವೆಂಬುದೇ ನಮಗೆ ಹಿರಿದಾಗಿ ಕಾಣುವುದು. ಜನಪದದ್ದನ್ನು ಜನಪದದ್ದೆಂದರು, ತಮ್ಮದನ್ನು ತಮ್ಮದೆಂದರು; ತಮ್ಮದರ ಹೆಸರಿನಲ್ಲಿಯೂ ಅದು ಬಂದ ಮೂಲವನ್ನು ನೆನೆದರು. ಕಾಪಾಡುವವನಿಗೆ ಇರಬೇಕಾದ ಶೀಲ ಇದು. ಹಳೆಯ ಮನೆಯ ಕಂಬವನ್ನು ತಂದು ಹೊಸ ಮನೆಗೆ ಹಾಕಿಕೊಂಡವನು ಈ ಕಂಬ ಇಂಥವರ ಮನೆಯದೆಂದು ಹೇಳಿದರೆ ಅದು ಸಂರಕ್ಷಣೆ. ತನ್ನದೆಂದು ಹೇಳಿದರೆ ಕಳವು. ಸಂಪ್ರದಾಯಸ್ಥರಲ್ಲಿ ಕೆಲವರು ಕುಮಾರರನ್ನು ಘರಾಣೆಯನ್ನು ಮುರಿದವರೆಂದು ಟೀಕಿಸಿದ್ದುಂಟು. ಘರಾಣೆಗಿಂತ ಹಿಂದಿನ ಪರಂಪರೆಯೊಂದನ್ನು ಅವರು ಹಿಡಿದಿದ್ದರೆಂಬುದು ಟೀಕಿಸಿದವರಿಗೆ ತಿಳಿಯಲು ಕಾಲ ಬೇಕಾಯಿತು.

ಏಕತಾರಿಯ ಜೋಗಿಗಳಿಂದ ಅವರು ಪಡೆದ ಇನ್ನೊಂದು ನಿಧಿ ಕಬೀರದಾಸರ ನಿರ್ಗುಣ ಪದಗಳು. ದೇವಾಸದಲ್ಲಿ ಶೀಲನಾಥರೆಂಬ ಯೋಗಿಗಳ ಧುನಿ, ಅಂದರೆ ಆರದ ಅಗ್ನಿಕುಂಡವುಳ್ಳ ಸ್ಥಾನವಿದೆ. ನಾಥಪಂಥಿಗಳು ಅಲ್ಲಿ ನೆರೆದು ಹಾಡುತ್ತಿದ್ದ ಪದಗಳನ್ನು ಕುಮಾರರು ಸಭೆಗೆ ತಂದರು. ಅವರು ಹಾಡುವವರೆಗೆ ಆ ಪದಗಳನ್ನು ಭಿಕ್ಷುಕರ ಹಾಡೆಂದು ಬಲ್ಲವರೇ ಹೆಚ್ಚು. ಕಲ್ಲಿನ ದೇವರನ್ನೂ ಕುಲದ ಹೆಮ್ಮೆಯನ್ನೂ ಪ್ರಶ್ನಿಸಿ, ದೇಹದೊಳಗಿನ ಬೆಳಕನ್ನು ಅರಸುವ ಆ ಪದಗಳು ನಮ್ಮ ಶರಣರ ಮಾತಿಗೆ ಎಷ್ಟು ಹತ್ತಿರವೆಂಬುದನ್ನು ವಿವರಿಸಬೇಕಾಗಿಲ್ಲ. ಲಿಂಗಾಯತ ಮನೆಯಲ್ಲಿ ಹುಟ್ಟಿದ ಕಂಠಕ್ಕೆ ಆ ಪದಗಳು ಒಗ್ಗಿದ್ದರಲ್ಲಿ ಆಶ್ಚರ್ಯವೇನಿದೆ? ಅಮೇರಿಕೆಯ ವಿದುಷಿ ಲಿಂಡಾ ಹೆಸ್ ಅವರು ಕುಮಾರರ ಈ ಕಬೀರ ಗಾಯನವನ್ನೇ ಕುರಿತು ಒಂದು ಗ್ರಂಥ ಬರೆದು 2009ರಲ್ಲಿ ಪ್ರಕಟಿಸಿದ್ದಾರೆ.

ಭಾನುಮತಿಯವರು 1961ರಲ್ಲಿ, ಎರಡನೆಯ ಹೆರಿಗೆಯ ಸಂದರ್ಭದಲ್ಲಿ ತೀರಿಕೊಂಡರು. ಮರುವರುಷ ಕೈಹಿಡಿದ ವಸುಂಧರಾ ಅವರೂ ದೇವಧರರ ಶಾಲೆಯಲ್ಲಿ ಕಲಿತವರು. ಮೂರು ದಶಕ ಕುಮಾರರ ಪಕ್ಕದಲ್ಲಿ ಕುಳಿತು ದನಿಗೂಡಿಸಿದರು. 1977ರಲ್ಲಿ ಪದ್ಮಭೂಷಣ, 1990ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗಳು ಬಂದವು. 1992ರ ಜನವರಿ 12ರಂದು ದೇವಾಸದಲ್ಲಿಯೇ ಅವರು ದೇಹ ಬಿಟ್ಟರು. ಮಗ ಮುಕುಲ ಶಿವಪುತ್ರ, ಮಗಳು ಕಲಾಪಿನಿ, ಮೊಮ್ಮಗ ಭುವನೇಶ ಎಲ್ಲರೂ ಗಾಯಕರೇ. ಸುಳೇಭಾವಿಯಲ್ಲಿ ಇಟ್ಟ ಹೆಸರನ್ನು ಹಿರಿಯ ಮಗ ತನ್ನ ಹೆಸರಿನೊಡನೆ ಹೊತ್ತಿದ್ದಾರೆ. ಬೆಳಗಾವಿಯಲ್ಲಿ ಕುಮಾರ ಗಂಧರ್ವ ರಂಗಮಂದಿರವಿದೆ. ಅದರ ಬಾಗಿಲಲ್ಲಿ ನಿತ್ಯ ನೂರಾರು ಜನ ಓಡಾಡುತ್ತಾರೆ. ಆ ಹೆಸರಿನವರು ಪಕ್ಕದ ಹಳ್ಳಿಯವರೆಂಬುದನ್ನು ಎಷ್ಟು ಮಕ್ಕಳು ಬಲ್ಲರೋ ತಿಳಿಯದು.

ಹಾಡಿದವರು ಕೇಳುವವರಾಗಿ, ಕೇಳಿದ್ದನ್ನು ಕಾಪಾಡುವವರಾದ ಉದಾಹರಣೆ ಬೇರೆ ನಾಡುಗಳಲ್ಲಿಯೂ ಉಂಟು. ಹಂಗೇರಿಯ ಬೇಲಾ ಬಾರ್ಟೋಕ್ ಪಿಯಾನೊ ವಾದನದಲ್ಲಿ ನಿಪುಣರು. 1904ರಲ್ಲಿ ಒಂದು ಹಳ್ಳಿಯಲ್ಲಿ ತಂಗಿದ್ದಾಗ, ದಾದಿಯೊಬ್ಬಳು ಮಗುವಿಗಾಗಿ ಹಾಡುತ್ತಿದ್ದ ಹಾಡು ಅವರ ಕಿವಿಗೆ ಬಿತ್ತು. ಅದರ ಬೆನ್ನು ಹತ್ತಿದ ಅವರು ಮುಂದೆ ಗೆಳೆಯ ಕೊಡಾಯ್ ಅವರೊಡನೆ ಧ್ವನಿಮುದ್ರಣ ಯಂತ್ರವನ್ನು ಹೊತ್ತು ಹಳ್ಳಿಹಳ್ಳಿ ಅಲೆದು ಸಾವಿರಾರು ಹಾಡುಗಳನ್ನು ಕೂಡಿಟ್ಟರು. ನಮ್ಮಲ್ಲಿ, ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ, ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಹೆಣ್ಣುಮಕ್ಕಳ ತ್ರಿಪದಿಗಳನ್ನು ಸಂಗ್ರಹಿಸಿ 1931ರಲ್ಲಿ 'ಗರತಿಯ ಹಾಡು' ಎಂದು ಹೊರತಂದರು. ಅದಕ್ಕೂ ಮೊದಲು, ಜಗುಲಿಯ ಮೇಲಿನ ಗಂಟಿನಲ್ಲಿ ಪೂಜೆಗೊಳ್ಳುತ್ತ ನುಸಿಗೆ ಆಹಾರವಾಗುತ್ತಿದ್ದ ತಾಳೆಗರಿಗಳಿಂದ ವಚನಗಳನ್ನು ಬಿಡಿಸಿ ತಂದ ಫ. ಗು. ಹಳಕಟ್ಟಿಯವರ 'ವಚನಶಾಸ್ತ್ರಸಾರ'ದ ಮೊದಲ ಭಾಗ 1923ರಲ್ಲಿ ಅಚ್ಚಾದದ್ದು ಇದೇ ಬೆಳಗಾವಿಯಲ್ಲಿ. ಆ ಪುಣ್ಯಪುರುಷರು ವಕೀಲಿಯನ್ನು ಹಿಂದೆ ಸರಿಸಿ, ಇದ್ದ ಮನೆಯನ್ನೇ ಮಾರಿ ಮುದ್ರಣಾಲಯ ಹಾಕಿದರು. ಅವರು ಹಾಗೆ ಮಾಡದಿದ್ದರೆ ಇಂದು ನಾವು ನೀವು ಬಾಯಿತುಂಬ ಹೇಳುವ ವಚನಗಳಲ್ಲಿ ಎಷ್ಟು ಉಳಿಯುತ್ತಿದ್ದವು?

ಇಷ್ಟೆಲ್ಲ ಹೇಳಿದ ಮೇಲೆ ನಮ್ಮದೊಂದು ಅಪರಾಧವನ್ನೂ ಹೇಳಿಕೊಳ್ಳದೆ ಬರೆಹ ಮುಗಿಸಿದರೆ ಅದು ಕಪಟವಾದೀತು.

ನಾವು ಎಳವೆಯಲ್ಲಿಯೇ ಮಠದ ಪಾಠಶಾಲೆಗೆ ಸೇರಿದವರು. ಹದಿನಾರು ಹದಿನೇಳರ ವಯಸ್ಸಿಗೆ ಸಂಸ್ಕೃತ ವ್ಯಾಕರಣವೂ ಕೇಶಿರಾಜನ ಸೂತ್ರಗಳೂ ಬಾಯಿಗೆ ಬಂದಿದ್ದವು. ಬಾಯಿಗೆ ಬಂದದ್ದು ತಲೆಗೂ ಏರಿತ್ತು. ಬೇಸಗೆಯ ಬಿಡುವಿನಲ್ಲಿ ಮನೆಗೆ ಹೋದಾಗ, ಬೆಳಗಿನ ಜಾವದಲ್ಲಿ ನಮ್ಮ ತಾಯಿಯವರು ಬೀಸುಕಲ್ಲಿನ ಮುಂದೆ ಕುಳಿತು ಜೋಳ ಬೀಸುತ್ತ ಹಾಡುತ್ತಿದ್ದರು. ಊರಿನಲ್ಲಿ ಹಿಟ್ಟಿನ ಗಿರಣಿ ಬಂದಿದ್ದರೂ ಅವರು ಕಲ್ಲನ್ನು ಬಿಟ್ಟಿರಲಿಲ್ಲ. ಆ ಹಾಡಿನಲ್ಲಿ ಬಸವಣ್ಣನವರು ಬರುತ್ತಿದ್ದರು, ಅಕ್ಕಮಹಾದೇವಿ ಬರುತ್ತಿದ್ದಳು, ತವರಿನ ಅಣ್ಣ ಬರುತ್ತಿದ್ದ, ಸತ್ತುಹೋದ ನಮ್ಮ ಅಕ್ಕನೂ ಬರುತ್ತಿದ್ದಳು. ಒಂದು ದಿನ ನಾವು ಹೋಗಿ ಪಕ್ಕದಲ್ಲಿ ಕುಳಿತು, "ಅವ್ವಾ, ಆ ಶಬ್ದ ಹಾಗಲ್ಲ, ಅದು ಅಪಶಬ್ದ. ಕಲ್ಯಾಣದ ಕಥೆಯೂ ಹಾಗಿಲ್ಲ, ಪುರಾಣದಲ್ಲಿ ಬೇರೆ ಇದೆ" ಎಂದು ತಿದ್ದಿದೆವು. ಅವರು ಕಲ್ಲಿನ ಗೂಟ ಹಿಡಿದುಕೊಂಡೇ ಒಂದು ಗಳಿಗೆ ನಮ್ಮನ್ನು ನೋಡಿದರು. "ತಮ್ಮಾ, ನೀ ಓದಿದಾಂವ. ನಿನಗ ತಪ್ಪು ಕಾಣಸ್ತದ. ನಮಗ ನಮ್ಮವ್ವ ಹೇಳಿದಷ್ಟ ಗೊತ್ತು" ಎಂದರು. ಸಿಟ್ಟಿನಿಂದ ಅಂದ ಮಾತಲ್ಲ. ಮಗ ಓದಿದನೆಂಬ ಹೆಮ್ಮೆಯೇ ಅದರಲ್ಲಿತ್ತು. ಆದರೆ ಅಂದಿನಿಂದ ನಾವು ಮನೆಯಲ್ಲಿದ್ದಾಗ ಅವರು ಹಾಡಲಿಲ್ಲ. ಬೀಸುಕಲ್ಲಿನ ಸದ್ದು ಮಾತ್ರ ಕೇಳುತ್ತಿತ್ತು.

ಆಗ ಅದನ್ನು ನಾವು ನಮ್ಮ ಪಾಂಡಿತ್ಯದ ಗೆಲುವೆಂದೇ ತಿಳಿದೆವು. ಅವರು ಲಿಂಗೈಕ್ಯರಾಗಿ ಬಹಳ ವರುಷಗಳಾದವು. ಈಗ ನಮಗೆ ನೆನಪಿರುವುದು ಎರಡು ನುಡಿ ಮಾತ್ರ. ಅದೂ ನಾವು ತಿದ್ದಿದ ರೂಪದಲ್ಲಿ. ಅವರು ಹಾಡುತ್ತಿದ್ದ ಆ 'ತಪ್ಪು' ರೂಪ ಯಾವುದಿತ್ತೆಂದು ಎಷ್ಟು ನೆನೆದರೂ ಹೊಳೆಯುವುದಿಲ್ಲ. ಮಂಗಲ ಕಾರ್ಯಾಲಯದಲ್ಲಿ ಆ ಅಜ್ಜಿ ತಡವರಿಸಿದಾಗ ನಮಗಾದ ಸಂಕಟಕ್ಕೆ ಕಾರಣ ಇದು. ಮಾಳವದ ಅಪರಿಚಿತ ಹೆಂಗಸಿನ ಸ್ವರವನ್ನು ತಿದ್ದದೆ ಬರೆದುಕೊಂಡ ಸುಳೇಭಾವಿಯ ಮಗ ಎಲ್ಲಿ, ಹೆತ್ತ ತಾಯಿಯ ಹಾಡನ್ನು ನಿಲ್ಲಿಸಿದ ನಾವೆಲ್ಲಿ! ಅವರ ಕಂಠವನ್ನು ರೋಗ ಕಟ್ಟಿತ್ತು, ಆದರೆ ಕಿವಿ ತೆರೆದಿತ್ತು. ನಮ್ಮ ಕಿವಿಯನ್ನು ಕಟ್ಟಿದ್ದು ಯಾವ ರೋಗವೆಂದು ಹೆಸರಿಸಲು ನಾಚಿಕೆಯಾಗುತ್ತದೆ.

ಆದ್ದರಿಂದ ನಮ್ಮ ಓದುಗರಲ್ಲಿ, ಅದರಲ್ಲಿಯೂ ತರುಣ ದಂಪತಿಗಳಲ್ಲಿ, ಒಂದು ವಿನಂತಿ. ನಿಮ್ಮ ಮನೆಯಲ್ಲಿ ಆಯಿ, ಅಜ್ಜಿ, ಸೋದರತ್ತೆ ಯಾರಾದರೂ ಹಾಡು ಬಲ್ಲವರಿದ್ದರೆ, ಈ ಶ್ರಾವಣಕ್ಕೆ ಕಾಯದೆ ಈ ವಾರವೇ ಅವರ ಬಳಿ ಕುಳಿತುಕೊಳ್ಳಿರಿ. ಹಾಡೆಂದು ಒಮ್ಮೆಲೇ ಕೇಳಿದರೆ ಅವರು ನಾಚುತ್ತಾರೆ, ನೆನಪಿಲ್ಲವೆನ್ನುತ್ತಾರೆ. ಅವರ ಹಾಡು ಕೈಯಲ್ಲಿದೆ. ಬೀಸುಕಲ್ಲು ಅಟ್ಟದ ಮೇಲಿದ್ದರೆ ಕೆಳಗಿಳಿಸಿ ಒಂದು ಹಿಡಿ ಜೋಳ ಹಾಕಿಕೊಡಿರಿ. ಇಲ್ಲವೆ ತೊಟ್ಟಿಲ ಹಗ್ಗ ಕೈಗೆ ಕೊಡಿರಿ. ಹಾಡು ತಾನಾಗಿ ಬರುತ್ತದೆ. ಇಂದು ಪ್ರತಿ ಮನೆಯಲ್ಲಿ ಮೊಬೈಲ್ ಇದೆ. ಬಾರ್ಟೋಕರು ಹೊತ್ತು ತಿರುಗಿದ ಯಂತ್ರಕ್ಕಿಂತ ಅದು ಎಷ್ಟೋ ಪಾಲು ಸಮರ್ಥವಾದುದು. ಅದರಲ್ಲಿ ಹಾಡನ್ನು ಮುದ್ರಿಸಿಕೊಳ್ಳಿರಿ. ಆದರೆ ಅಷ್ಟಕ್ಕೆ ನಿಲ್ಲದೆ ಒಂದು ವಹಿಯಲ್ಲಿ ಕೈಯಾರೆ ಬರೆಯಿರಿ: ಹಾಡಿದವರ ಹೆಸರು, ಅವರ ತವರೂರು, ಯಾರಿಂದ ಕಲಿತರು, ಯಾವ ಕೆಲಸದಲ್ಲಿ ಅಥವಾ ಯಾವ ಕಾರ್ಯದಲ್ಲಿ ಹಾಡುವುದು, ಬರೆದ ತಾರೀಖು. ಅವರು ಹೇಳಿದ ಶಬ್ದವನ್ನು ಹೇಳಿದಂತೆಯೇ ಬರೆಯಿರಿ. ಅರ್ಥವಾಗದ ಶಬ್ದವಿದ್ದರೆ ಪಕ್ಕದಲ್ಲಿ ಗೆರೆ ಎಳೆದು ಬಿಡಿರಿ, ತಿದ್ದಬೇಡಿರಿ. ಖಾನಾಪುರದ ಕಡೆಯ ಮನೆಗಳಲ್ಲಿ ಕನ್ನಡದ ನಡುವೆ ಮರಾಠಿ ಮಾತು ಬಂದರೆ ಅದನ್ನೂ ಇದ್ದಂತೆ ಬರೆಯಿರಿ. ಬೀಸುವ ಕೈಗೆ ಗಡಿಯ ತಕರಾರು ಗೊತ್ತಿಲ್ಲ.

ಬರೆದಿಟ್ಟರೆ ಅರ್ಧ ಕೆಲಸ ಮಾತ್ರ ಆದಂತೆ. ಜಗುಲಿಯ ಗಂಟಿನಲ್ಲಿ ತಾಳೆಗರಿಯೂ ಶತಮಾನಗಳ ಕಾಲ ಇತ್ತಲ್ಲ. ಓದುವವರಿಲ್ಲದೆ ಅದಕ್ಕೆ ವಿಭೂತಿ ಹಚ್ಚಿದರೇನು ಫಲ? ಕುಮಾರರು ಬರೆದುಕೊಂಡದ್ದನ್ನು ಹಾಡಿದ್ದರಿಂದ ಅದು ಉಳಿಯಿತು. ಮನೆಯ ಹೆಣ್ಣುಮಗುವಿಗಷ್ಟೇ ಅಲ್ಲ, ಗಂಡುಮಗುವಿಗೂ ಒಂದು ಹಾಡನ್ನಾದರೂ ಪೂರ್ತಿಯಾಗಿ ಕಲಿಸಿರಿ. ಮುಂದಿನ ಮದುವೆಯಲ್ಲಿ ಅರಿಷಿಣದ ಹೊತ್ತಿಗೆ ಹದಿನೈದು ನಿಮಿಷ ಧ್ವನಿವರ್ಧಕಕ್ಕೆ ವಿಶ್ರಾಂತಿ ಕೊಟ್ಟು, ಮನೆಯ ಹಾಡಿಗೆ ಅವಕಾಶ ಮಾಡಿರಿ. ಆಮಂತ್ರಣ ಪತ್ರಿಕೆಗೂ ಅಲಂಕಾರಕ್ಕೂ ಮಾಡುವ ವೆಚ್ಚದ ಎದುರು ಇದಕ್ಕೆ ಬಿಡಿಗಾಸೂ ತಗಲುವುದಿಲ್ಲ.

ಮಾಳವದವರ ಹಾಡನ್ನು ಕಾಪಾಡಲು ಬೆಳಗಾವಿ ಸೀಮೆಯವರೊಬ್ಬರು ಹೋದರು. ನಮ್ಮ ಸೀಮೆಯದನ್ನು ಕಾಪಾಡಲು ಬೇರೆಲ್ಲಿಂದಲೋ ಯಾರಾದರೂ ಬಂದಾರೆಂದು ಕಾದು ಕುಳಿತರೆ, ಅಷ್ಟರಲ್ಲಿ ನಮ್ಮ ಅಜ್ಜಿಯಂದಿರು ಇರುವುದಿಲ್ಲ. ಆ ಮದುವೆಯ ಅಜ್ಜಿಯ ಊರು ಮನೆ ವಿಚಾರಿಸಿಕೊಂಡು ಬಂದಿದ್ದೇವೆ. ಅವರಿಗೊಬ್ಬರು ತಂಗಿಯಿದ್ದಾರಂತೆ, ಸವದತ್ತಿಯ ಕಡೆಗೆ ಕೊಟ್ಟವರು. ಆ ನಾಲ್ಕನೆಯ ನುಡಿ ಅವರಿಗೆ ಬಂದೀತೆಂದು ಅಜ್ಜಿ ಹೇಳಿದ್ದಾರೆ. ಮುಂದಿನ ಅಮಾವಾಸ್ಯೆ ಕಳೆದ ಮೇಲೆ ವಹಿ ಹಿಡಿದು ಹೋಗಿ ಬರುವುದೆಂದು ನಿಶ್ಚಯಿಸಿದ್ದೇವೆ. ಈ ಸಲ ಬಾಯಿ ಮುಚ್ಚಿಕೊಂಡು ಕೇಳುತ್ತೇವೆ.